ಹರಗೋಲಿಗೆ ಪಕ್ಕ ಇಲ್ಲ, ಕಯಾಕಿಗೆ ಇದೆ

ಕಾಗಿಣಾ ಹೊಳೆಯಲ್ಲಿ ನಲವತ್ತು ವರ್ಷ ಹರಗೋಲು ಹಾಕಿ ಜನರನ್ನು ದಾಟಿಸಿದವನು ನಾನು. ಸೇತುವೆ ಆದ ಮೇಲೆ ಆ ಕೆಲಸ ಹೋಯಿತು. ಹುಟ್ಟು ಮೂಲೆ ಸೇರಿತು. ಬುದ್ಧಿ ಹೇಳುವ ಚಟ ಮಾತ್ರ ಉಳಿಯಿತು.

ಮೊಮ್ಮಗಳು ಭಾಗ್ಯಜ್ಯೋತಿಗೆ ಚಿಂಚೋಳಿ ಕಡೆಯ ಒಂದು ಡ್ಯಾಮಿನಲ್ಲಿ ಕೆಲಸ ಸಿಕ್ಕಿತು. ಮೊದಲು ತಾನು ಕಲಿತು, ಆಮೇಲೆ ಬಂದವರಿಗೆ ಕಯಾಕು ನಡೆಸಲು ಕಲಿಸುವುದು. ಕಯಾಕೆಂದರೆ ಒಬ್ಬರೋ ಇಬ್ಬರೋ ಕೂತು ಹುಟ್ಟು ಹಾಕುವ, ಸೌತೆಕಾಯಿಯಂಥ ಉದ್ದನೆಯ ಸಣ್ಣ ದೋಣಿ. ಅದೇ ನೀರಿನಲ್ಲಿ ಇಪ್ಪತ್ತು ಮಂದಿಯ ಇಂಜಿನ್ ಬೋಟೂ ಓಡುತ್ತದೆ.

ಮೊದಲ ದಿನ ನಾನೂ ಜೊತೆಗೆ ಹೋದೆ. ನೀರಿನಲ್ಲಿ ಮುಳುಗದಂತೆ ತೇಲಿಸುವ ಜಾಕೆಟ್ ಅವಳು ತೊಡುವುದು ನೋಡಿ ನಗು ಬಂತು.

“ಅಂಬಿಗರ ಮನಿ ಹುಡುಗಿ ನೀ. ಮೀನಿಗಿ ಯಾರರೆ ಅಂಗಿ ತೊಡಸ್ತಾರೇನವ್ವಾ?”

“ತೊಡದಿದ್ರ ಬೋಟ್ ನಡಸೋ ನಗ್ಮಾಕ್ಕ ನೀರಿಗಿ ಬಿಡಂಗಿಲ್ಲ ಮುತ್ಯಾ.”

“ತೊಡು. ಆದ್ರ ಒಂದ್ ಮಾತು. ದೊಡ್ಡ ಬೋಟ್ ಬಂತಂದ್ರ ಹುಟ್ಟು ಎತ್ತಿಟ್ಟು ಸುಮ್ನ ಕುಂದ್ರು. ತೆರಿ ತಾನ ಬಂದು ತಾನ ಹೋಗ್ತದ.”

ಹರಗೋಲಿನ ರೂಢಿ ಅದು. ಹುಡುಗಿ ನನ್ನ ಮಾತು ಮೀರಲಿಲ್ಲ.

ಮಧ್ಯಾಹ್ನ ಅವಳೊಬ್ಬಳೇ ನಡುನೀರಿನಲ್ಲಿದ್ದಾಗ ಇಂಜಿನ್ ಬೋಟು ಎದುರಿಗೆ ಬಂತು. ಅವಳು ಕೈ ಬೀಸಿದಳು. ಹುಟ್ಟು ಎತ್ತಿಟ್ಟು ಕೂತಳು. ಬೋಟು ಕಡೆಯ ಗಳಿಗೆಗೆ ಹೊರಳಿ ಪಕ್ಕದಲ್ಲೇ ಹಾದುಹೋಯಿತು. ಹಿಂದೆ ಬಂದ ತೆರೆ ಬದಿಗೆ ಬಡಿಯಿತು. ಕಯಾಕು ಮಗುಚಿತು.

ನಾನು ದಡದಿಂದ ನೋಡುತ್ತಿದ್ದೆ. ಆಮೇಲೆ ಕಿತ್ತಳೆ ಬಣ್ಣದ ಜಾಕೆಟ್ ಮೇಲೆ ಬಂತು. ಅದರೊಳಗೆ ಮೊಮ್ಮಗಳಿದ್ದಳು, ಮಗುಚಿದ ಕಯಾಕನ್ನು ತಬ್ಬಿಕೊಂಡು. ನಗ್ಮಾ ಬೋಟು ತಿರುಗಿಸಿ ತಂದು, ಇಂಜಿನ್ ಬಂದ್ ಮಾಡಿ ಅವಳನ್ನು ಒಳಗೆ ಎಳೆದುಕೊಂಡಳು.

ದಡಕ್ಕೆ ಬಂದೊಡನೆ ನಗ್ಮಾಳನ್ನು ಕೇಳಿದೆ, “ಹುಡುಗಿ ಕೈ ಬೀಸಾಕತ್ತಿದ್ಳಲ್ಲ, ಕಾಣಲಿಲ್ಲೇನು?”

“ಕಾಣಲಿಲ್ರಿ ಮುತ್ಯಾ. ನಾ ಹಿಂದ ಕುಂತಿರ್ತೀನಿ, ಬೋಟಿನ ಮೂತಿ ಮ್ಯಾಲ ಎದ್ದಿರ್ತದ. ಆಕಿ ಕುಂತಿದ್ದು ನೀರಿನ ಮಟ್ಟಕ್ಕ. ಕಂಡಾಗ ಭಾಳ ಸನೀಪ ಆಗಿತ್ತು. ಹಗ್ಗ ಜಗ್ಗಿದ್ರ ನಿಲ್ಲಾಕ ಅದೇನು ಎತ್ತಿನ ಬಂಡಿ ಅಲ್ರಿ. ಸುಮ್ನ ಕುಂದ್ರು ಅಂತ ಈಕಿಗಿ ಯಾರು ಹೇಳಿದ್ರು?”

ಭಾಗ್ಯಜ್ಯೋತಿ ಜಡೆ ಹಿಂಡುತ್ತ ನೆಲ ನೋಡಿದಳು. ನನ್ನ ಹೆಸರು ಹೇಳಲಿಲ್ಲ.

“ನಾನ ಹೇಳಿದ್ದವ್ವಾ,” ಅಂದೆ.

ನಗ್ಮಾ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

“ಹರಗೋಲು ಬುಟ್ಟಿ ಇದ್ದಂಗ್ರಿ. ದುಂಡಗದ, ಅದಕ್ಕ ಪಕ್ಕನ ಇಲ್ಲ. ಕಯಾಕಿಗಿ ಪಕ್ಕ ಅದ, ಅಲ್ಲಿ ಬಡದ್ರ ಮಗಚ್ತದ. ತೆರಿ ಬಂದ್ರ ಮೂತಿ ಅದರ ಕಡಿ ತಿರುವಬೇಕು. ಹುಟ್ಟು ಬಿಡಬಾರದು.”

ನಲವತ್ತು ವರ್ಷದ ನೀರು ನನಗೆ ಇದನ್ನು ಕಲಿಸಿರಲಿಲ್ಲ.

ಮರುದಿನ ಜಾಕೆಟಿನ ಪಟ್ಟಿ ನಾನೇ ಬಿಗಿದೆ. “ಮೀನಿಗಿ ಅಂಗಿ ಯಾಕ ಮುತ್ಯಾ?” ಅಂದಳು. “ಅಲುಗಾಡಬ್ಯಾಡ, ನಿಂದ್ರು,” ಅಂದೆ.

ಓದುವ ತಮ್ಮ, ತಂಗಿ, ಹೆಚ್ಚು ಹೇಳುವ ಕಸುವು ನನಗಿಲ್ಲ. ದೊಡ್ಡ ಬೋಟಿನವರಿಗೆ ನೀವು ಕಾಣುವುದಿಲ್ಲ ಎಂದೇ ತಿಳಿಯಿರಿ. ಅದರ ದಾರಿ ಬಿಟ್ಟು ದಡದ ಹತ್ತಿರ ಇರಿ. ದಾಟಲೇಬೇಕಾದರೆ ಎರಡೂ ಕಡೆ ನೋಡಿ, ನೆಟ್ಟಗೆ, ಬೇಗ ದಾಟಿ. ತೆರೆಗೆ ಮೂತಿ ಕೊಡಿ. ಮಗುಚಿದರೆ ಕಯಾಕು ಬಿಡಬೇಡಿ. ಮನೆಯಲ್ಲಿ ನನ್ನಂಥ ಮುದುಕ ಬೇರೇನಾದರೂ ಹೇಳಿದರೆ ಎದುರು ಮಾತಾಡಬೇಡಿ. ಹೂಂ ಅಂದು ಜಾಕೆಟ್ ಬಿಗಿದುಕೊಳ್ಳಿ.