ಯಜಮಾನರ ಅಳಿಯ ನಮ್ಮ ನರಗಳನ್ನು ತಿದ್ದಿದ್ದು

ನಮ್ಮ ಹೊಲಿಗೆ ಕಾರ್ಖಾನೆಯ ಯಜಮಾನರ ಅಳಿಯ ಮೂರು ಭಾನುವಾರ ಎಲ್ಲಿಗೋ ಹೋಗಿ ಏನೋ ಕಲಿತು ಬಂದ. ಮಾರನೆಯ ಸೋಮವಾರವೇ ನಮ್ಮ ಯಾರ ನರಮಂಡಲವೂ ನೆಟ್ಟಗಿಲ್ಲವೆಂದು ತಿಳಿದುಬಂತು.

"ಮೈ ಸರಿಯಾಗಿ ಆಡಿಸಿದ್ರೆ ಮಿದುಳು ಎಚ್ಚರ ಆಗುತ್ತೆ," ಅಂದ. "ಗಮನ ನಿಲ್ಲುತ್ತೆ, ಕೈಕಾಲು ಹೇಳಿದ ಮಾತು ಕೇಳುತ್ತೆ, ಸಿಟ್ಟು ಹತೋಟಿಗೆ ಬರುತ್ತೆ."

ದಿನಾ ಅರ್ಧ ಗಂಟೆ ಮಿಷನ್ನುಗಳ ಸಂದಿಯಲ್ಲಿ ನಿಂತು ಬಲಮೊಣಕೈಯನ್ನು ಎಡಮಂಡಿಗೆ, ಎಡಮೊಣಕೈಯನ್ನು ಬಲಮಂಡಿಗೆ ಮುಟ್ಟಿಸಿದೆವು. ತಲೆ ಆಡಿಸದೆ ಹೆಬ್ಬೆರಳಿನ ಹಿಂದೆ ಕಣ್ಣು ಓಡಿಸಿದೆವು. ಗುಂಡಿ ಹಾಕುವ ಅಜ್ಜಿ ಹಾಗೆ ಓಡಿಸುತ್ತಲೇ ಗೋಡೆಯ ಗಡಿಯಾರ ಕಂಡು, ಊಟದ ಹೊತ್ತಾಯಿತೆಂದು ಹೊರಟೇಬಿಟ್ಟಳು. ಗಮನಶಕ್ತಿ ಹೆಚ್ಚಿದ ಲಕ್ಷಣವೆಂದು ಅಳಿಯ ಅದನ್ನು ಬರೆದುಕೊಂಡ.

ಪರೀಕ್ಷೆ ಬರುವ ತನಕ ನಾನೂ ನಗುತ್ತಿದ್ದೆ. ಕಣ್ಣು ಮುಚ್ಚಿ ಒಂಟಿಕಾಲಲ್ಲಿ ಅರ್ಧ ನಿಮಿಷ ನಿಲ್ಲಬೇಕು. ನಿಲ್ಲದವರು ಬ್ಲೇಡಿನ ಮಿಷನ್ ಮುಟ್ಟುವಂತಿಲ್ಲ. ನಾನು ಇಪ್ಪತ್ತೆರಡು ವರ್ಷದಿಂದ ಬಟ್ಟೆ ಕತ್ತರಿಸುವವಳು. ನೂರು ಪದರ ಹಾಸಿ ಮಿಷನ್ ಓಡಿಸಿದರೆ ತಳದ ಪದರವೂ ಗೆರೆ ದಾಟುವುದಿಲ್ಲ. ಇದು ನನ್ನದು ಎಂದು ಹೇಳಿಕೊಳ್ಳಲು ಆ ಕಟಿಂಗ್ ಮೇಜು ಬಿಟ್ಟರೆ ನನಗೆ ಬೇರೇನೂ ಇಲ್ಲ. ಏಳನೆಯ ಸೆಕೆಂಡಿಗೆ ದೊಪ್ಪನೆ ಬಿದ್ದೆ. ಅಂಗಿ ಮಡಚಿ ಪೆಟ್ಟಿಗೆಗೆ ತುಂಬುವ ಕೋಣೆಗೆ ನನ್ನನ್ನು ಅಟ್ಟಿದರು.

ಗೆದ್ದವರು ಒಬ್ಬರೇ, ಗೇಟಿನ ಕಾವಲುಗಾರ. ಹನ್ನೊಂದು ವರ್ಷದಿಂದ ನಿಲ್ಲುವುದಕ್ಕೇ ಸಂಬಳ ತೆಗೆದುಕೊಂಡ ಮನುಷ್ಯ. ಬಿಟ್ಟಿದ್ದರೆ ಸಂಜೆಯವರೆಗೂ ನಿಲ್ಲುತ್ತಿದ್ದರು. ನನ್ನ ಮೇಜು ಅವರಿಗೆ ಹೋಯಿತು. ಅವರು ನನ್ನ ಗಂಡ.

ಆವತ್ತು ಮನೆಯಲ್ಲಿ ಅವರು ಪಾತ್ರೆ ತೊಳೆಯಲು ನಿಂತರು. ಮದುವೆಯಾದಾಗಿನಿಂದ ಒಂದು ಲೋಟ ತೊಳೆದವರಲ್ಲ.

"ನಾನಾಗಿ ಕೇಳಿದ್ದಲ್ಲ ಕಣೇ," ಅಂದರು. "ನಾಳೆ ಇನ್ನೂರು ಅಂಗಿಗೆ ತೋಳು ಕತ್ತರಿಸಬೇಕಂತೆ. ತೋಳಿನ ರಟ್ಟಿನ ಅಚ್ಚು ಇಟ್ಟು ಗೆರೆ ಎಳೆದು, ಅದರ ಮೇಲೆ ಮಿಷನ್ ಓಡಿಸಿದ್ರೆ ಆಯ್ತಲ್ಲ?"

"ಅಷ್ಟೇ ರೀ. ನಿಮ್ಮ ನರ ಹೇಗೂ ಗಟ್ಟಿ ಇದೆಯಲ್ಲ."

ಅಚ್ಚನ್ನು ಒಮ್ಮೆ ಇಟ್ಟು ಗೆರೆ ಎಳೆದ ಮೇಲೆ ಮಗುಚಿ ಇನ್ನೊಮ್ಮೆ ಎಳೆಯಬೇಕು, ಇಲ್ಲದಿದ್ದರೆ ಎಲ್ಲವೂ ಒಂದೇ ಕಡೆಯ ತೋಳಾಗುತ್ತವೆ. ಅದನ್ನು ನಾನು ಹೇಳಲಿಲ್ಲ. ಮರೆತೆ ಎಂದು ಬರೆಯಬಹುದಿತ್ತು. ಮರೆತಿರಲಿಲ್ಲ, ಹೊಟ್ಟೆ ಉರಿಯುತ್ತಿತ್ತು.

ಮರುದಿನ ಸಂಜೆಗೆ ನಾನೂರು ಎಡತೋಳು ತಯಾರಾದವು. ಬಲತೋಳು ಹುಡುಕಿದರೂ ಒಂದಿಲ್ಲ. ಯಜಮಾನರು ಒಂದನ್ನೆತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು; ಬಟ್ಟೆಯ ಬಣ್ಣ ಒಂದೇ ಬದಿಗೆ, ಅದು ಎಡವಾಗಿಯೇ ಉಳಿಯಿತು. ಅಳಿಯನ ಮುಖ ಇಂಗು ತಿಂದ ಮಂಗನಂತಾಯಿತು. ಆಮೇಲೆ ಸಿಟ್ಟಿನ ಹತೋಟಿ ಕಲಿಸಿದ ಅದೇ ಬಾಯಿಂದ ನನ್ನ ಗಂಡನನ್ನು ಎಲ್ಲರೆದುರು ಹಿಗ್ಗಾಮುಗ್ಗಾ ಬೈದ. ಹೆಂಡತಿಯನ್ನು ಕೇಳಿಯೇ ಕತ್ತರಿಸಿದೆ ಎಂದು ಅವರು ಹೇಳಲಿಲ್ಲ. ಟೋಪಿ ಹಾಕಿಕೊಂಡು ಗೇಟಿಗೆ ಹೋದರು. ನನಗೆ ತಲೆ ಎತ್ತಲಾರದಷ್ಟು ನಾಚಿಕೆಯಾಯಿತು.

ಮೇಜು ಮಾತ್ರ ನನಗೆ ವಾಪಸು ಬಂತು. ನಾಚಿಕೆಯ ನಡುವೆಯೂ, ಗೆದ್ದೆ ಎಂದುಕೊಂಡೆ.

ಮುಂದಿನ ವಾರ ಅಂಗಿ ಕೊಳ್ಳುವ ಕಂಪನಿಯಿಂದ ಇಬ್ಬರು ಬಂದರು. ಅಳಿಯ ಅವರನ್ನು ಸೀದಾ ನನ್ನ ಮೇಜಿಗೆ ಕರೆತಂದ.

"ಇವರು ಮೊದಲು ಒಂದು ಕಾಲಲ್ಲಿ ಏಳು ಸೆಕೆಂಡ್ ನಿಲ್ತಿರಲಿಲ್ಲ ಸಾರ್," ಅಂದ. "ಮೂರೇ ವಾರ ತರಬೇತಿ ಕೊಟ್ಟೆ. ಈಗ ಕೈ ನೋಡಿ. ಅಕ್ಕಾ, ಸ್ವಲ್ಪ ಕತ್ತರಿಸಿ ತೋರಿಸಿ."

ಇಪ್ಪತ್ತೆರಡು ವರ್ಷ ಕಣಯ್ಯಾ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಕಿಟಕಿಯಾಚೆ ಗೇಟಿನಲ್ಲಿ, ಅಷ್ಟು ಬೈಸಿಕೊಂಡೂ ನನ್ನ ಹೆಸರೆತ್ತದ ಗಂಡ ನಿಂತಿದ್ದರು, ಮಾತು ನುಂಗಿಕೊಂಡೆ. ಆದರೆ ಬೆರಳು ಒಂದಿಷ್ಟು ನಡುಗಿದರೆ ಸಾಕು, ಗೆರೆ ತಪ್ಪುತ್ತದೆ, ಇವನ ಮಾನ ಇಲ್ಲೇ ಹರಾಜಾಗುತ್ತದೆ. ನಡುಗಿಸಲು ನಿಜವಾಗಿಯೂ ಪ್ರಯತ್ನಪಟ್ಟೆ. ದರಿದ್ರ ಕೈ ಒಪ್ಪಲೇ ಇಲ್ಲ. ಮಿಷನ್ ತೋಳಿನ ತಿರುವಿನಲ್ಲಿ ಕೂದಲೆಳೆಯಷ್ಟೂ ಜಾರದೆ ಸುತ್ತಿ ಬಂತು.

ಬಂದವರು ಚಪ್ಪಾಳೆ ತಟ್ಟಿದರು. ಅಳಿಯ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ.