ಎಡಕ್ಕೆ ತಿರುಚಿದ ಗಂಟು

ಜೆಲೀತಾ ಪ್ರಾಣಿ ಹಿಡಿಯುವ ಆರು ತಂತಿ ಉರುಳುಗಳನ್ನು ತಂದು ಮೇಜಿನ ಮೇಲೆ ಸುರಿದಾಗ ಇಡೀ ತರಗತಿ ಚಪ್ಪಾಳೆ ತಟ್ಟಿತು. ಫಾಯಿಡೆಸ್ ಕೂಡ ತಟ್ಟಿದಳು. ತಟ್ಟುತ್ತಿದ್ದಂತೆಯೇ ಒಂದು ಉರುಳಿನ ಗಂಟು ಕಣ್ಣಿಗೆ ಬಿತ್ತು. ತಟ್ಟುವುದನ್ನು ನಿಲ್ಲಿಸಿದಳು.

ತಂತಿಯನ್ನು ಎಡಕ್ಕೆ ತಿರುಚಲಾಗಿತ್ತು. ಲುವಾಂಗ್ವಾ ನದಿಯ ಈ ದಡದಲ್ಲಿ ಕದ್ದು ಉರುಳು ಹಾಕುವವರಿಗೇನೂ ಕೊರತೆಯಿಲ್ಲ, ಆದರೆ ಎಲ್ಲರೂ ಬಲಕ್ಕೆ ತಿರುಚುತ್ತಾರೆ. ಎಡಗೈಯವನು ಒಬ್ಬನೇ: ಫಾಯಿಡೆಸ್‌ಳ ತಮ್ಮ ಯೋಬೆ, ಈ ಜೆಲೀತಾಳ ಅಪ್ಪ. ಹದಿನೈದು ದಿನದ ಹಿಂದೆ ಸತ್ತ ಹೆಣ್ಣು ಸಿಂಹದ ಕೊರಳಲ್ಲಿ ಇದ್ದದ್ದೂ ಇಂಥದೇ ಗಂಟು. ಕಾಡು ಕಾಯುವ ಪಡೆಯ ಸಾರ್ಜೆಂಟ್ ಸಕಾಲಾ ಆ ತಂತಿಯನ್ನು ಜೇಬಿನಲ್ಲಿಟ್ಟುಕೊಂಡು ಊರೂರಿನ ಹೆಂಡದ ಕಟ್ಟೆಗಳಲ್ಲಿ ತೋರಿಸುತ್ತ ತಿರುಗುತ್ತಿದ್ದ. ಫಾಯಿಡೆಸ್‌ಗೂ ತೋರಿಸಿದ್ದ. ಅವಳು ಗೊತ್ತಿಲ್ಲ ಅಂದಿದ್ದಳು. ಸಿಕ್ಕಿಬಿದ್ದವನಿಗೆ ಐದು ವರ್ಷಕ್ಕೆ ಕಡಿಮೆಯಿಲ್ಲದ ಜೈಲು.

ಶುಕ್ರವಾರದ ಈ ವನ್ಯಜೀವಿ ಪಾಠದಲ್ಲಿ ಫಾಯಿಡೆಸ್‌ಳ ಕೆಲಸ, ಹೊರದೇಶದಿಂದ ಬಂದ ಸ್ವಯಂಸೇವಕರ ಮಾತನ್ನು ಮಕ್ಕಳಿಗೆ ತಿಳಿಯುವಂತೆ ಹೇಳುವುದು. ಮನೆಯಿಂದ ಒಂದು ಉರುಳು ತಂದರೆ ಎರಡು ನೋಟ್‌ಬುಕ್ಕು ಎಂಬ ಯೋಜನೆಯೂ ಅವಳದೇ. ಮಳೆಗಾಲಕ್ಕೆ ಮೊದಲು ಊರ ಮುಖ್ಯಸ್ಥನ ಅಂಗಳದಲ್ಲಿ ಎದ್ದು ನಿಂತು ಅವಳೇ ಮಾತು ಕೊಟ್ಟಿದ್ದಳು: "ಎಲ್ಲಿಂದ ಬಂತು, ಯಾರದು ಅಂತ ಒಬ್ರೂ ಕೇಳಲ್ಲ. ನನ್ ಮೇಲೆ ಆಣೆ." ಜನ ನಂಬಿದ್ದರು. ಯಾಕೆ ನಂಬಬಾರದು? ಅವಳು ಅವರವಳೇ ಆಗಿದ್ದಳು.

ಈ ಸಲದ ಸ್ವಯಂಸೇವಕಿ ನಾರ್ವೆಯ ಮಾರಿತ್. ಮೂರು ತಿಂಗಳಿಗೆಂದು ಬರುವವರಲ್ಲಿ ಎರಡು ಬಗೆ. ಆನೆಯ ಬಗ್ಗೆ ಹಾಡು ಕಲಿಸುವವರು ಮತ್ತು ಪಟ್ಟಿ ಮಾಡುವವರು. ಹಾಡಿನವರಿಂದ ಕಿವಿಗೆ ಮಾತ್ರ ತೊಂದರೆ. ಮಾರಿತ್ ಪಟ್ಟಿಯವಳು. ಇವತ್ತು ಹೊಸದಾಗಿ ಪ್ರತಿ ಉರುಳಿಗೂ ಒಂದು ಚೀಟಿ ಕಟ್ಟುತ್ತಿದ್ದಳು. ಚೀಟಿಯ ಮೇಲೆ ಮಗುವಿನ ಹೆಸರು, ಊರು, ತಾರೀಖು. ಜೆಲೀತಾಳ ಕೈಯಲ್ಲಿ ಆರೂ ಉರುಳು ಹಿಡಿಸಿ ಫೋಟೊ ತೆಗೆದಳು. ಹುಡುಗಿ ಬಿದ್ದುಹೋದ ಹಲ್ಲಿನ ಜಾಗವೆಲ್ಲ ಕಾಣುವಂತೆ ನಕ್ಕಳು.

ಅರ್ಧ ಗಂಟೆ ಫಾಯಿಡೆಸ್ ನಿಂತೇ ಇದ್ದಳು, ಕಾಡು ನಮ್ಮೆಲ್ಲರದು, ಕಾಡು ಉಳಿದರೆ ನಾವು ಉಳಿದೇವು ಎಂದು ಮಕ್ಕಳಿಗೆ ಹೇಳುತ್ತ. ತರಗತಿ ಬಿಟ್ಟದ್ದೇ ಮಾರಿತ್‌ಳ ತೋಳು ಹಿಡಿದಳು.

"ಹೆಸರು ಬರಿಯಲ್ಲ ಅಂತ ಊರಿಗೆ ಮಾತು ಕೊಟ್ಟಿದೀವಿ. ಆ ಚೀಟಿಗಳನ್ನ ಕಿತ್ತಾಕು."

"ದೊಡ್ಡೋರ ಹೆಸರಲ್ವಲ್ಲ, ಫಾಯಿಡೆಸ್. ಬರೀ ಮಕ್ಕಳದು. ಜಾಸ್ತಿ ತಂದೋರಿಗೆ ಬಹುಮಾನ ಕೊಡೋಣ ಅಂತಿದ್ದೆ."

"ಜೆಲೀತಾಂದು ಒಂದಾದ್ರೂ ಕಿತ್ತಾಕು. ಅವಳು ನನ್ ತಮ್ಮನ ಮಗಳು."

ಮಾರಿತ್‌ಗೆ ಮಗುವಿನ ಹೆಸರೆಂದರೆ ಅಪ್ಪನ ಹೆಸರೇ ಎಂದು ಆಗ ಹೊಳೆಯಿತು. ಕೈಯಲ್ಲಿದ್ದ ಫೋನು ನೋಡಿಕೊಂಡಳು.

"ಫೋಟೊ ಕಳಿಸ್ಬಿಟ್ಟೆ. ಸಾರ್ಜೆಂಟ್‌ಗೆ. ಅವ್ರಿಗೂ ಖುಷಿಯಾಗ್ಲಿ ಅಂತ. ಗಂಟನ್ನ ಹತ್ರದಿಂದ ತೆಗೆದು ಇನ್ನೊಂದು ಕಳ್ಸಿ ಅಂದ್ರು..."

"ಕಳಿಸಿದ್ಯಾ?"

ಮಾರಿತ್ ಅಳತೊಡಗಿದಳು. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನಾಲ್ಕು ಬೈದಾದರೂ ಫಾಯಿಡೆಸ್ ಹೊಟ್ಟೆ ತಣ್ಣಗೆ ಮಾಡಿಕೊಳ್ಳಬಹುದಿತ್ತು. ಈಗ ಅದಕ್ಕೂ ಪುರುಸೊತ್ತಿರಲಿಲ್ಲ. ಶಾಲೆಯ ಸೈಕಲ್ಲು ಎಳೆದುಕೊಂಡು ತಮ್ಮನ ಮನೆಯ ಒಳದಾರಿ ಹಿಡಿದಳು. ಸಕಾಲಾನ ಜೀಪು ಹಳ್ಳ ಸುತ್ತಿ ಬರಬೇಕು, ಬಹಳವಾದರೆ ಇಪ್ಪತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಆ ಇಪ್ಪತ್ತು ನಿಮಿಷವೇ ಅವಳ ತಮ್ಮನ ಐದು ವರ್ಷ.

ಯೋಬೆ ಕೋಳಿಗೂಡಿನ ಮೇಲೆ ಹುಲ್ಲು ಹೊದಿಸುತ್ತಿದ್ದ. ಅವಳು ಏದುಸಿರು ಬಿಡುತ್ತ ಬಂದದ್ದನ್ನು ನೋಡಿ ನಕ್ಕ.

"ಏನಕ್ಕಾ, ಆನೆ ಅಟ್ಟಿಸ್ಕೊಂಡು ಬಂತಾ? ಆನೆಗೇ ಪಾಠ ಹೇಳಕ್ ಹೋಗಿದ್ಯೋ ಏನೋ."

"ಓಡು ಯೋಬೆ. ಸಕಾಲಾ ಬರ್ತಿದಾನೆ. ಮಗು ನಿನ್ ಉರುಳು ತಂದುಬಿಟ್ಳು."

ನಗು ಇಳಿಯಿತು. ಆದರೆ ಅವನು ಗಾಬರಿಯಾಗಲಿಲ್ಲ. ಗೂಡಿನಿಂದ ಕೆಳಗಿಳಿದು ಕೈಗಂಟಿದ ಹುಲ್ಲು ಕೊಡವಿಕೊಂಡ.

"ಅವ್ಳು ಕದ್ದು ತಂದಿಲ್ಲ. ನಾನೇ ಕೊಟ್ಟೆ. ಉಳಿದಿದ್ದೇ ಆರು, ಆರೂ ಕೊಟ್ಟೆ. ಜಿಂಕೆಗೇಂತ ಹಾಕಿದ್ದಕ್ಕೆ ಸಿಂಹ ಬಿತ್ತು. ಅದರ ಮರಿಗಳು ನಾಲ್ಕು ದಿನ ಹೊಳೆ ದಂಡೇಲಿ ಕೂಗಿದ್ವು. ನಮ್ಮನೇಲೂ ಒಂದು ತಾಯಿಲ್ಲದ ಕೂಸಿದೆಯಲ್ಲ. ಸಾಕಪ್ಪಾ ಅನ್ನಿಸ್ತು." ಅವನು ಅಕ್ಕನ ಮುಖ ನೋಡಿದ. "ಹೆಸರು ಕೇಳಲ್ಲ ಅಂತ ನೀನೇ ಹೇಳಿದ್ಯಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಫಾಯಿಡೆಸ್ ಅವನ ಅಂಗಿ ಹಿಡಿದು ಎಳೆದಳು, ಹೊಳೆಯ ಕಡೆಗೆ ತಳ್ಳಿದಳು. ಅವನು ಕದಲಲಿಲ್ಲ.

"ಹೊಳೆ ದಾಟೋ, ನಿನ್ ದಮ್ಮಯ್ಯ. ಆ ಕಡೆ ಚಿಕ್ಕಪ್ಪನ ಮಕ್ಕಳಿದಾರೆ."

"ದಾಟಿದ್ರೆ ಅವ್ರು ಯಾರನ್ನ ಕೇಳ್ತಾರೆ, ಹೇಳು? ಮಗೂನ ಕೂರಿಸ್ಕೊಂಡು ಕೇಳ್ತಾರೆ. ಅವ್ಳಿಗೆ ಸುಳ್ಳು ಹೇಳಕ್ಕೆ ಬರಲ್ಲ. ಅಪ್ಪನ್ನ ನಾನೇ ಹಿಡ್ಕೊಟ್ಟೆ ಅಂತ ಸಾಯೋವರ್ಗೂ ಕೊರಗ್ತಾಳೆ." ಅವನು ಅಕ್ಕನ ಎರಡೂ ಕೈ ಹಿಡಿದುಕೊಂಡ. "ಅವ್ಳಿಗೆ ಗೊತ್ತಾಗ್ಬಾರ್ದು ಅಕ್ಕಾ. ಏನಾದ್ರೂ ಹೇಳು. ತಂತಿಯಿಂದ ಅಂತ ಮಾತ್ರ ಗೊತ್ತಾಗ್ಬಾರ್ದು."

ಅಷ್ಟರಲ್ಲಿ ಜೀಪಿನ ಸದ್ದು ಕೇಳಿತು.

ಸಕಾಲಾ ಒಳ್ಳೆಯ ಮನುಷ್ಯ, ಮೊದಲು ಎಲ್ಲರ ಕ್ಷೇಮ ಕೇಳಿದ. ಆಮೇಲೆ ಜೇಬಿನಿಂದ ತಂತಿ ತೆಗೆದ. ಯೋಬೆ ಅದನ್ನು ನೋಡಿ, ನಂದೇ ಅಂದ. ಫಾಯಿಡೆಸ್ ಅಂಗಳದ ಮಣ್ಣಿನಲ್ಲಿ ಮಂಡಿಯೂರಿ, ಹಿರಿಯರ ಮುಂದೆ ತಟ್ಟುವಂತೆ ಮೆಲ್ಲಗೆ ಅಂಗೈ ತಟ್ಟಿ ಬೇಡಿಕೊಂಡಳು.

"ಅವನೇ ತಂದು ಒಪ್ಪಿಸಿದಾನೆ ಸಾರ್ಜೆಂಟ್. ಬಿಟ್ಟುಬಿಟ್ಟಿದಾನೆ. ಇವನನ್ನ ಹಿಡಿದ್ರೆ ಇನ್ಮೇಲೆ ಒಬ್ಬ ಒಂದು ತಂತಿ ಕೊಡಲ್ಲ. ನಾನು ಊರಿಗೆ ಮಾತು ಕೊಟ್ಟಿದೀನಿ."

"ಏಳಮ್ಮಾ, ಏಳು. ನಂಗೇನು ಸಂತೋಷಾನಾ?" ಅವನು ಅವಳ ಮುಖ ನೋಡಲಿಲ್ಲ. "ಮಾತು ಕೊಟ್ಟಿದ್ದು ನೀನು. ನಾನಲ್ಲ."

ಯೋಬೆಯನ್ನು ಜೀಪಿಗೆ ಹತ್ತಿಸುವ ಹೊತ್ತಿಗೆ ಜೆಲೀತಾ ಶಾಲೆಯಿಂದ ನಡೆದು ಬಂದಳು. ತಲೆಯ ಮೇಲೆ ಹನ್ನೆರಡು ಹೊಸ ನೋಟ್‌ಬುಕ್ಕಿನ ಕಟ್ಟು. ಅಪ್ಪನ ಕೈಗೆ ಬೇಡಿ ಕಂಡು ಹಾಗೇ ನಿಂತಳು.

"ಬರ್ತೀನಿ ಮಗಾ. ಅತ್ತೆ ಹತ್ರ ಇರು. ಅವ್ಳು ಹೇಳ್ದಂಗೆ ಕೇಳ್ಬೇಕು, ಆಯ್ತಾ?" ಯೋಬೆ ನಗಲು ನೋಡಿದ. ಜೀಪು ಹೊರಟುಹೋಯಿತು.

ಹುಡುಗಿ ಧೂಳು ಇಳಿಯುವವರೆಗೂ ಆ ಕಡೆಯೇ ನೋಡುತ್ತಿದ್ದಳು. ಒಂಬತ್ತು ವರ್ಷಕ್ಕೆ ಎಷ್ಟು ಬೇಕೋ ಅದಕ್ಕಿಂತ ಚುರುಕು ಅವಳು. ಅದೇ ಫಾಯಿಡೆಸ್‌ಳ ಭಯವಾಗಿತ್ತು.

"ಅತ್ತೇ, ಅಪ್ಪನ್ನ ಯಾಕ್ ಹಿಡ್ಕೊಂಡು ಹೋದ್ರು?" "ನಾನ್ ತಂದ ತಂತಿ..."

"ಅಲ್ಲ!" ಎಂದು ಫಾಯಿಡೆಸ್ ಕೂಗಿದಳು. ಬೇರೆ ಸುಳ್ಳು ಹುಡುಕಲು ಹೊತ್ತಿರಲಿಲ್ಲ. "ತಂತಿಗೂ ಇದಕ್ಕೂ ಸಂಬಂಧ ಇಲ್ಲ. ಸಿಂಹನ ಕೊಂದಿದ್ದು ನಿಮ್ಮಪ್ಪ ಅಂತ ನಂಗೆ ಮೊದ್ಲೇ ಗೊತ್ತಿತ್ತು. ಸಾರ್ಜೆಂಟ್‌ಗೆ ಹೇಳಿದ್ದು ನಾನು."

"ನೀನಾ?"

"ಹ್ಞೂಂ. ನಾನೇ."

ಜೆಲೀತಾ ನೋಟ್‌ಬುಕ್ಕುಗಳನ್ನು ಜೋಪಾನವಾಗಿ ನೆಲಕ್ಕಿಟ್ಟಳು. ಬಗ್ಗಿ ಹಿಡಿ ಮಣ್ಣು ತೆಗೆದು ಅತ್ತೆಯ ಮುಖಕ್ಕೆ ತೂರಿದಳು. ಫಾಯಿಡೆಸ್ ಕಣ್ಣು ಒರೆಸಿಕೊಳ್ಳಲಿಲ್ಲ, ಹಿಂದೆ ಸರಿಯಲೂ ಇಲ್ಲ. ಹುಡುಗಿ ಮತ್ತೆ ಬಗ್ಗಿದಳು. ಹೊತ್ತು ಮುಳುಗುವುದರೊಳಗೆ ಇಬ್ಬರೂ ಒಂದೇ ಮನೆಗೆ ಹೋಗಬೇಕಿತ್ತು.