ಎಕ್ಸ್ ಮೇಲಿದ್ದರೆ ಹೊಳೆ

ನಮ್ಮ ಗುಡ್ಡದಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಒಂದೇ ಜಾಗದಲ್ಲಿ. ಅದು ನನ್ನ ಮನೆಯ ಮೆಟ್ಟಿಲು. ನೆಟ್ಟಣದ ಕಡೆಯಿಂದ ಹತ್ತಿ ಬರುವ ಮಣ್ಣಿನ ರಸ್ತೆ ನನ್ನ ಅಂಗಳದಲ್ಲೇ ಮುಗಿಯುತ್ತದೆ. ಅಲ್ಲಿಂದಾಚೆ ರಬ್ಬರ್ ಮರಗಳು ಮಾತ್ರ. ಕಣ್ಣು ಮಂಜಾಗುವವರೆಗೆ ಆ ಮರಗಳ ಹಾಲು ತೆಗೆದವನು ನಾನು. ಮಕ್ಕಳಾಗಲಿಲ್ಲ. ಹೆಂಡತಿ ದಮಯಂತಿ ತೀರಿಕೊಂಡ ಮೇಲೆ ಆ ಮೆಟ್ಟಿಲಲ್ಲಿ ಕೂರುವವರು ಯಾರೂ ಇರಲಿಲ್ಲ. ಮೀನು ಮಾರುವ ಸಾಹುಲ್ ಹಮೀದ್ ಸಂಜೆ ಹೊತ್ತು ಬಂದು, ಬೈಕಿನಿಂದ ಇಳಿಯದೆಯೇ ಫೋನ್ ಮಾಡಿ ಹೋಗುತ್ತಾನೆ. ಅವನ ಮಾತು ಫೋನಿನಲ್ಲಿ. ನನಗೆ ತಲೆ ಅಲ್ಲಾಡಿಸುತ್ತಾನೆ.

ಈ ವರ್ಷ ಬೇಸಿಗೆಯಲ್ಲಿ ಮೋಕ್ಷಿತಾ ಬಂದಳು. ದುಗ್ಗಪ್ಪನ ಮಗಳು. ದುಗ್ಗಪ್ಪನಿಗೆ ರಬ್ಬರ್ ಕತ್ತಿ ಹಿಡಿಯಲು ಕಲಿಸಿದವನು ನಾನೇ. ಹುಡುಗಿ ಪಿಯುಸಿಯಲ್ಲಿ ಬೇರೆಲ್ಲ ಪಾಸಾಗಿ ಗಣಿತದಲ್ಲಿ ಮಾತ್ರ ಫೇಲಾಗಿದ್ದಳು. ಇನ್ನೊಂದು ಸಲ ಪರೀಕ್ಷೆ ಇತ್ತು. ಅದರಲ್ಲಿ ಪಾಸಾದರೆ ಪುತ್ತೂರಿನಲ್ಲಿ ಕಾಲೇಜು. ಪುನಃ ಫೇಲಾದರೆ ಸುಳ್ಯದ ಬಟ್ಟೆ ಅಂಗಡಿಯಲ್ಲಿ ಕೆಲಸ ಎಂದು ದುಗ್ಗಪ್ಪ ಆಗಲೇ ಮಾತಾಡಿ ಇಟ್ಟಿದ್ದ. ಅವಳಿಗೆ ಫೋನಿನಲ್ಲಿ ಹೇಳಿಕೊಡಲು ಗಣಿತದ ಟೀಚರ್ ಭವಿತಾ ಮೇಡಂ ಒಪ್ಪಿದ್ದರು.

"ಅಜ್ಜ, ಇಲ್ಲಿ ಕೂರ್‍ಲಾ?"

ನಾನು ಒಳಗೆ ಹೋಗಿ ಬೆಲ್ಲ, ನೀರು ತಂದಿಟ್ಟೆ. ಬಂದವರಿಗೆ ಮೊದಲು ಅದು, ಮಾತು ಆಮೇಲೆ. ಮರುದಿನವೂ ತಂದಿಟ್ಟೆ. ಅದರ ಮರುದಿನವೂ.

"ದಿನಾ ಬರುವವಳಿಗೆ ಎಂತಕ್ಕೆ ಅಜ್ಜ ಇದೆಲ್ಲ?"

"ಬಂದವರು ಬಂದವರೇ."

ಭವಿತಾ ಮೇಡಂ ಸ್ಪೀಕರಿನಲ್ಲಿ ಮಾತಾಡುವಾಗ ನನಗೂ ಕೇಳುತ್ತಿತ್ತು. ಒಂದು ದಿನ ಅವರು ಹೇಳಿದರು: "ಕಲಿತದ್ದನ್ನು ಯಾರಿಗಾದ್ರೂ ಹೇಳಿಕೊಡು. ಆಗ ನಿನ್ನ ತಪ್ಪು ನಿನಗೇ ಕಾಣ್ತದೆ."

"ಯಾರಿಗೆ ಹೇಳುದು ಮೇಡಂ? ಫ್ರೆಂಡ್ಸ್ ಎಲ್ಲ ಪಾಸಾಗಿದ್ದಾರೆ. ನನ್ನ ಮೆಸೇಜು ನೋಡ್ತಾರೆ, ಉತ್ತರ ಇಲ್ಲ."

ಫೋನ್ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಜ್ಜ, ನೀವು ಎಷ್ಟನೇ ಕ್ಲಾಸು?"

"ಎರಡು. ಮಗ್ಗಿ ಹತ್ತರವರೆಗೆ ಬರ್ತದೆ."

"ಸಾಕು. ನಿಮಗೆ ಗೊತ್ತಾದ್ರೆ ಯಾರಿಗೂ ಗೊತ್ತಾಗ್ತದೆ."

"ಒಳ್ಳೆ ಹೊಗಳಿಕೆ ಮಾರಾಯ್ತಿ."

ಹಾಗೆ ನಾನು ಶಿಷ್ಯನಾದೆ. ಒಂದು ವಸ್ತು ಎಷ್ಟು ವೇಗದಲ್ಲಿ ಬದಲಾಗುತ್ತದೆ ಎಂದು ನೋಡುವ ಲೆಕ್ಕವಂತೆ ಅದು. ಎಕ್ಸ್ ಎಂಬ ಅಕ್ಷರದ ತಲೆಯ ಮೇಲೆ ಐದು ಇದ್ದರೆ, ಆ ಐದನ್ನು ಕೆಳಗಿಳಿಸಿ ಮುಂದೆ ಇಡಬೇಕು. ತಲೆಯ ಮೇಲೆ ಒಂದು ಕಡಮೆಯಾಗಿ ನಾಲ್ಕು ಉಳಿಯುತ್ತದೆ.

"ಹೇಗೆ ನೆನಪಿಟ್ಟದ್ದು ಗೊತ್ತುಂಟಾ? ಅಪ್ಪ ರಬ್ಬರ್ ಕೊಯ್ದ ಹಾಗೆ. ಹಾಲು ಕೆಳಗೆ ಇಳಿಯುದು, ಮೇಲೆ ತೊಗಟೆ ಒಂದು ಎಳೆ ಕಡಮೆ ಆಗುದು."

ಅದು ನನಗೆ ಕೂಡಲೇ ಹೊಕ್ಕಿತು. ಕೈಗೆ ಗೊತ್ತಿದ್ದ ಕೆಲಸ.

"ಎಕ್ಸ್ ಇಲ್ಲದೆ ಬರೇ ಏಳು ಇದ್ದರೆ?" ಎಂದೆ.

"ಸೊನ್ನೆ."

"ಏಳು ಇತ್ತಲ್ಲ, ಎಲ್ಲಿ ಹೋಯ್ತು?"

"ಏಳು ಯಾವಾಗಲೂ ಏಳೇ ಅಲ್ವಾ ಅಜ್ಜ. ಬದಲಾಗದ್ದಕ್ಕೆ ಉತ್ತರ ಸೊನ್ನೆ."

ನಾನು ಹೌದು ಎಂದೆ. ಅವಳು ಇಳಿದು ಹೋದ ಮೇಲೂ ಆ ಏಳು ನನ್ನ ತಲೆಯಲ್ಲಿ ಕೂತಿತ್ತು.

ಅವಳು ಫೇಲಾದದ್ದು ಏಕೆಂದು ಮುಂದಿನ ವಾರ ಗೊತ್ತಾಯಿತು. ‘ಇ’ ಎಂಬ ಅಕ್ಷರದ ತಲೆಯ ಮೇಲೆ ಎಕ್ಸ್ ಕೂತಿರುವ ಲೆಕ್ಕ ಕೊಟ್ಟಿದ್ದರು ಮೇಡಂ.

"ಎಂತ ಬರೆದೆ?"

"ಎಕ್ಸ್ ಕೆಳಗಿಳಿಸಿದೆ ಮೇಡಂ. ಮೇಲೆ ಒಂದು ಕಡಮೆ ಮಾಡಿದೆ."

"ಪುನಃ ಅದೇ! ಪರೀಕ್ಷೆಯಲ್ಲೂ ಹೀಗೇ ಬರೆದದ್ದು ನೀನು. ಅದು ಇಳಿಯುದಿಲ್ಲ ಮೋಕ್ಷಿತಾ. ಇದ್ದ ಹಾಗೇ ಇರ್ತದೆ."

ಫೋನ್ ಇಟ್ಟ ಮೇಲೆ ಅವಳ ಕಣ್ಣು ತುಂಬಿತ್ತು. "ಕತ್ತಿ ತಾಗಿದ ಮೇಲೆ ಕಡಮೆ ಆಗದೆ ಹೇಗೆ ಅಜ್ಜ? ನನಗೆ ಬಟ್ಟೆ ಮಡಚುದೇ ಬರೆದದ್ದು ಹಣೆಯಲ್ಲಿ."

ನನಗೆ ಲೆಕ್ಕ ಗೊತ್ತಿಲ್ಲ. ಅಳುವವರ ಎದುರು ಏನಾದರೂ ಹೇಳಬೇಕಲ್ಲ, ಹೇಳಿದೆ.

"ಮಳೆಗಾಲದಲ್ಲಿ ಹೊಳೆಗೆ ಕೊಡ ಮುಳುಗಿಸಿ ತೆಗೆದರೆ ಹೊಳೆ ಕಡಮೆ ಆಗ್ತದಾ?"

"ಅದು ಹೊಳೆ ಅಜ್ಜ. ಮರ ಅಲ್ಲ."

ಹೇಳಿದವಳ ಪೆನ್ನು ಹಾಳೆಯ ಮೇಲೆ ಹಾಗೆಯೇ ನಿಂತಿತು.

"ಅಜ್ಜ... ಇದು ಮರವೇ ಅಲ್ಲ. ಎಕ್ಸ್ ಕೆಳಗಿದ್ದರೆ ಮರ, ಒಂದೊಂದೇ ಎಳೆ ಕಡಮೆ ಆಗುದು. ಎಕ್ಸ್ ಮೇಲಿದ್ದರೆ ಹೊಳೆ. ನಾನು ಹೊಳೆಯನ್ನು ಕೊಯ್ಲಿಕ್ಕೆ ಹೋದದ್ದು!"

ಜೋರಾಗಿ ನಕ್ಕಳು. ಆ ಅಂಗಳದಲ್ಲಿ ಹಾಗೊಂದು ನಗು ಕೇಳಿ ಎಷ್ಟೋ ಕಾಲವಾಗಿತ್ತು. ಆಮೇಲೆ ಎಲ್ಲವೂ ಹೊಳೆಯಾಯಿತು. ಒಂದು ‘ಇ’ಯ ಮೇಲೆ ಎರಡು, ಇನ್ನೊಂದರ ಮೇಲೆ ಮೂರು ಇದ್ದು, ಎರಡನ್ನೂ ಗುಣಿಸು ಎಂದರೆ ಮೊದಲೆಲ್ಲ ಮೇಲಿನದನ್ನೂ ಗುಣಿಸಿ ಆರು ಎನ್ನುತ್ತಿದ್ದಳು. "ಉಪ್ಪಿನಂಗಡಿಯಲ್ಲಿ ಎರಡು ಹೊಳೆ ಸೇರಿದ ಹಾಗೆ ಅಜ್ಜ. ಮೇಲಿನದ್ದು ಕೂಡಿಸುದು. ಐದು."

ಅವಳು ಬೇಗ ಬೇಗ ಕಲಿಯತೊಡಗಿದಳು. ನನಗೆ ಸಂತೋಷವೇ. ಆದರೂ ಸಂಜೆ ಅವಳು ಒಂದು ಲೆಕ್ಕದಲ್ಲಿ ತಡವರಿಸಿದರೆ, ಇನ್ನೂ ಸ್ವಲ್ಪ ಹೊತ್ತು ಇರುತ್ತಾಳೆ ಎಂದು ಅನಿಸುತ್ತಿತ್ತು.

ಫಲಿತಾಂಶವನ್ನೂ ಆ ಮೆಟ್ಟಿಲಲ್ಲೇ ನೋಡಿದಳು. ಫೋನಿನಲ್ಲಿ ಒಂದು ಬಳೆಯಂಥದ್ದು ತಿರುಗುತ್ತಲೇ ಇತ್ತು. ನಿಂತಿತು. "ಅಪ್ಪಾ..." ಎಂದು ಕೂಗುತ್ತಾ ಗುಡ್ಡ ಇಳಿದು ಓಡಿದಳು. ಬೆಲ್ಲ ತಟ್ಟೆಯಲ್ಲೇ ಉಳಿಯಿತು. ಇರುವೆ ಬಂತು.

ಪುತ್ತೂರಿನ ಹಾಸ್ಟೆಲಿಗೆ ಹೊರಟ ದಿನ ಹೇಳಿ ಹೋಗಲು ಬಂದಳು. ದುಗ್ಗಪ್ಪ ತಿರುವಿನಲ್ಲಿ ಜೀಪು ನಿಲ್ಲಿಸಿ ಹಾರ್ನ್ ಹಾಕುತ್ತಿದ್ದ.

"ಒಂದು ಕೇಳ್ಲಿಕ್ಕುಂಟು," ಎಂದೆ. "ಆ ಏಳು ಎಂತ ಆಯ್ತು?"

"ಯಾವ ಏಳು?"

"ಸೊನ್ನೆ ಆಯ್ತಲ್ಲ, ಅದು."

"ಅಯ್ಯೋ ಅಜ್ಜ, ಇನ್ನೂ ಅದರಲ್ಲೇ ಇದ್ದೀರಾ?" ನೀರು ಕುಡಿದು ಲೋಟ ಕೆಳಗಿಟ್ಟಳು. "ಹಿಂದಕ್ಕೆ ಹೋಗುವ ಲೆಕ್ಕ ಒಂದುಂಟು. ಅದರಲ್ಲಿ ಅದು ವಾಪಸ್ಸು ಬರ್ತದೆ. ಆದ್ರೆ ಏಳೇ ಇದ್ದದ್ದು ಅಂತ ಗೊತ್ತಾಗುದಿಲ್ಲ. ಇಲ್ಲಿ ಏನೋ ಒಂದು ಇತ್ತು ಅಂತ ಕೊನೆಗೆ ‘ಸಿ’ ಅಕ್ಷರ ಬರೀಬೇಕು, ಅಷ್ಟೆ. ಬರೀದಿದ್ರೆ ಮಾರ್ಕ್ ಕಟ್."

ಜೀಪು ಇಳಿದು ಹೋಗುವುದು ಬಹಳ ಹೊತ್ತು ಕೇಳಿಸಿತು.

ಮರುದಿನ ಸಂಜೆ ಕೈ ತನ್ನಷ್ಟಕ್ಕೆ ಬೆಲ್ಲ, ನೀರು ತಂದು ಮೆಟ್ಟಿಲಲ್ಲಿ ಇಟ್ಟಿತು. ಇಟ್ಟ ಮೇಲೆ ನೆನಪಾಯಿತು. ಅಷ್ಟರಲ್ಲಿ ಸಾಹುಲ್ ಹಮೀದನ ಬೈಕು ಬಂತು.

"ಎಂತ ಅಜ್ಜ, ಇದು ನನಗಾ?"

"ಬಂದವರು ಬಂದವರೇ."

ಅವನು ಮೊದಲ ಸಲ ಬೈಕಿನಿಂದ ಇಳಿದ. ಬೆಲ್ಲ ಬಾಯಿಗೆ ಹಾಕಿ, ನೀರು ಕುಡಿದು, ಇನ್ನೇನೋ ಹೇಳಲು ಹೊರಟ. ಫೋನ್ ಬಂತು. ಮೀನಿನ ರೇಟು ಮಾತಾಡುತ್ತಲೇ ಕೈ ಎತ್ತಿ ತೋರಿಸಿ ಹೋದ.

ನಾನು ಲೋಟ ತೊಳೆದು ಕವುಚಿ ಇಟ್ಟೆ.